ಒದ್ದೆ ಬಲೆ

ಆ ಕೋಣೆಗೆ ಕಿಟಕಿ ಇರಲಿಲ್ಲ. ಮೊದಲು ಅದು ಮುರಿದ ಕುರ್ಚಿಗಳನ್ನು ತುಂಬಿಡುವ ಉಗ್ರಾಣವಾಗಿತ್ತಂತೆ. ಬಿಸಿಲು ಬಿದ್ದರೆ ತೊಟ್ಟಿಯ ಗಾಜಿಗೆ ಪಾಚಿ ಹಿಡಿಯುತ್ತದೆ, ಮೀನಿಗೆ ಇದೇ ಸರಿ ಎಂದು ಸಂಶೋಧನೆಯ ಮಾರ್ಗದರ್ಶಕಿ ಮೇಡಂ ಆರಿಸಿದ್ದರು. ಮೀನಿಗೆ ಸರಿಬಂದದ್ದು ಅವಳಿಗೂ ಸರಿಬರಬೇಕಾಯಿತು. ವಿಶ್ವವಿದ್ಯಾಲಯದ ಆ ನೆಲಮಾಳಿಗೆಯಲ್ಲಿ ಕೂತು ಅವಳು ಪಿಎಚ್‌ಡಿ ಮಾಡುತ್ತಿದ್ದಳು. ಹೊರಗೆ ಬಿಸಿಲೋ ಮಳೆಯೋ ಎಂಬುದು ಒಳಗೆ ಬಂದವರ ಚಪ್ಪಲಿ ನೋಡಿಯೇ ತಿಳಿಯಬೇಕು.

ಎಡಗೋಡೆಗೆ ಅವಳ ತೊಟ್ಟಿಗಳು. ಎಲ್ಲಕ್ಕೂ ಒಂದೇ ನೀರು, ನಿಂತ ನೀರಲ್ಲ. ಪಂಪೊಂದು ಒಂದು ತುದಿಯಿಂದ ನೀರನ್ನು ಎಳೆದು ಇನ್ನೊಂದು ತುದಿಯಿಂದ ನೂಕುತ್ತಲೇ ಇರುತ್ತಿತ್ತು. ಅವಳದು ಹಳ್ಳದ ಮೀನು. ಬೆರಳುದ್ದ, ನುಣುಪುಗಲ್ಲಿನ ಬಣ್ಣ. ಹೊಟ್ಟೆಯಡಿಯ ರೆಕ್ಕೆಗಳಿಂದ ಕಲ್ಲನ್ನು ಅವುಚಿಕೊಂಡು, ಹರಿವಿಗೆ ಮುಖ ಕೊಟ್ಟು ಕೂರುವ ಜಾತಿ. ಹಳ್ಳದ ದಂಡೆಯ ಜನ ಅದನ್ನು ಕಲ್ಲುಮೀನು ಅನ್ನುತ್ತಾರೆ. ತಿನ್ನುವುದಿಲ್ಲ, ಮಾರುವುದಿಲ್ಲ, ಇದೆಯೋ ಇಲ್ಲವೋ ಎಂದು ನೋಡುವುದೂ ಇಲ್ಲ. ಮರಳು ತೆಗೆದು ತೆಗೆದು ಹಳ್ಳದ ಕೆಳಭಾಗಕ್ಕೆ ಕೆಸರು ತುಂಬಿದ ಮೇಲೆ ಅದು ಮೇಲ್ಗಡೆಯ ಒಂದು ತುಂಡು ಹರಿವಿನಲ್ಲಿ ಮಾತ್ರ ಉಳಿದಿತ್ತು. ಲೋಕದಲ್ಲಿ ಬೇರೆಲ್ಲೂ ಇಲ್ಲ. ಅಲ್ಲಿಂದ ಕೆಲವನ್ನು ತಂದು ತೊಟ್ಟಿಯಲ್ಲಿ ಮರಿ ಮಾಡಿಸುವುದು, ಕೆಸರು ತೆಗೆದು ಕಲ್ಲು ಹಾಸಿದ ಕೆಳಭಾಗಕ್ಕೆ ಆ ಮರಿಗಳನ್ನು ಬಿಡುವುದು, ಅವು ಬದುಕುತ್ತವೆಯೇ ನೋಡುವುದು. ಇದು ಅವಳ ಸಂಶೋಧನೆ.

ಮರಿಗಳಾಗಿದ್ದವು. ಮೊದಲ ವರ್ಷ ಮೊಟ್ಟೆಯೇ ಇಲ್ಲ, ಎರಡನೆಯ ವರ್ಷ ಮೊಟ್ಟೆ ಎಲ್ಲ ಬೂಸಲು. ಮೂರನೆಯ ವರ್ಷ ಕಲ್ಲಿನಡಿಯಲ್ಲಿ ಕಣ್ಣೆರಡು ಮಾತ್ರ ಕಾಣುವ ಪುಟಾಣಿಗಳನ್ನು ಕಂಡಾಗ ಮೇಡಂ ನೆಲದ ಮೇಲೆ ಕೂತುಬಿಟ್ಟಿದ್ದರು. ಈಗ ಆ ಮರಿಗಳು ಬೆಳೆದು ಹಳ್ಳಕ್ಕೆ ಹೋಗಲು ಸಿದ್ಧವಾಗಿದ್ದವು. ಅವು ಹೋದರೆ ಅವಳೂ ಹೋಗಬಹುದಿತ್ತು.

ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದ. ಮದುವೆಯಾದಾಗಿನಿಂದ ಅವನೇ ಬಂದುಹೋಗುತ್ತಿದ್ದ. ಪಂಪು ನಿಂತರೆ ಮೀನು ಬಾಯಿ ಕಳೆಯುತ್ತವೆ, ಕರೆಂಟು ಹೋದರೆ ಓಡಬೇಕು, ಬೆಳಿಗ್ಗೆ ಸಂಜೆ ಉಣಿಸಬೇಕು. ಅವಳು ಊರು ಬಿಟ್ಟವಳೇ ಅಲ್ಲ. ಮೀನು ಬಿಟ್ಟ ಮೇಲೆ ಉಳಿದದ್ದು ಬರವಣಿಗೆ. ಅದನ್ನು ಅವನ ಊರಿನಲ್ಲಿ ಕೂತೇ ಮಾಡಬಹುದು ಎಂದು ಮೇಡಂ ಒಪ್ಪಿದ್ದರು. ಅವಳ ಜೊತೆಗಿದ್ದ ಅತ್ತೆ ಅದನ್ನು ಕೇಳಿದ್ದೇ ತಡ, ಮನೆಯ ಪಾತ್ರೆಗಳನ್ನೆಲ್ಲ ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಬಿಟ್ಟರು. ಮೂರನೆಯ ಮಹಡಿಯ ಎರಡು ಕೋಣೆಯ ಆ ಮನೆಯಲ್ಲಿ ಈಗ ಒಂದು ಬಾಣಲೆ, ಒಂದು ಕುಕ್ಕರು, ಎರಡು ತಟ್ಟೆ.

"ಇನ್ನೂ ಟೈಮಿದೆ ಅತ್ತೆ. ಈಗ್ಲೇ ಯಾಕೆ ಕಟ್ಟಿದ್ರಿ?"

"ನಿನ್ನ ಮೀನಿನ ಮೇಲೆ ನನಗೆ ನಂಬಿಕೆ ಇಲ್ಲ. ನಾವು ಗಂಟು ಕಟ್ಟಿದ್ದು ನೋಡಿ ಅವಕ್ಕೂ ಸ್ವಲ್ಪ ಬುದ್ಧಿ ಬರ್ಲಿ." ಅತ್ತೆ ಪೆಟ್ಟಿಗೆಯ ಮೇಲೆ ಕೂತು ಹಗ್ಗ ಬಿಗಿದರು. "ನೀನು ಅವುಗಳ ಮನೆಗೇ ಸೊಸೆಯಾಗಿ ಹೋಗ್ಬೇಕಿತ್ತು ಕಣೇ. ತಪ್ಪಿ ನಮ್ಮನೆಗೆ ಬಂದೆ. ಅಲ್ಲಾದ್ರೆ ನೆಂಟರೆಲ್ಲ ಬಾಯಿ ಮುಚ್ಚಿಕೊಂಡು ಕಲ್ಲು ಹಿಡ್ಕೊಂಡು ಕೂತಿರ್ತಿದ್ರು."

ಅತ್ತೆಯ ಮಾತು ಹಾಗೆಯೇ. ಚುಚ್ಚಿದಂತೆ ಕಾಣುತ್ತದೆ, ರಕ್ತ ಬರುವುದಿಲ್ಲ.

ಕೋಣೆಯ ಬಲಗೋಡೆಗೆ ಬೇರೆ ತೊಟ್ಟಿಗಳಿದ್ದವು. ಅವು ಉದ್ದಣ್ಣನವು. ಅವಳಿಗಿಂತ ಒಂದು ವರ್ಷ ಹಿರಿಯ ವಿದ್ಯಾರ್ಥಿ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಹೆಸರು ಹಾಗೆಯೇ ಬಿದ್ದಿತ್ತು. ಅಂಗಡಿಯಿಂದ ತಂದ ಬಣ್ಣದ ಮೀನುಗಳು ಕನ್ನಡಿಯಲ್ಲಿ ತಮ್ಮನ್ನೇ ಕಂಡರೆ ಏನು ಮಾಡುತ್ತವೆ ಎಂಬುದು ಅವನ ವಿಷಯ. "ಜಗಳ ಮಾಡ್ತವೆ. ಇನ್ನೇನು ಮಾಡ್ತವೆ? ಇಷ್ಟು ಹೇಳೋಕೆ ಐದು ವರ್ಷ," ಅನ್ನುತ್ತಿದ್ದ.

ಎರಡು ಗೋಡೆಗಳ ನಡುವೆ ನೆಲದ ಮೇಲೆ ಹಳದಿ ಟೇಪು. ಅಂಟಿಸಿದವರು ಮೇಡಂ. ಅಂಗಡಿಯ ಮೀನು ಎಲ್ಲೆಲ್ಲಿಯದೋ, ಯಾವ ಯಾವ ರೋಗದ ಬೀಜ ಹೊತ್ತು ಬಂದಿರುತ್ತದೋ, ಕಣ್ಣಿಗೆ ಕಾಣುವುದಿಲ್ಲ. ತೊಟ್ಟಿಯ ಮೀನು ಅದನ್ನು ತಡೆದುಕೊಂಡು ಆರಾಮಾಗಿಯೇ ಕಾಣಬಹುದು. ಆದರೆ ಅದನ್ನು ಒಯ್ದು ಹಳ್ಳಕ್ಕೆ ಬಿಟ್ಟರೆ, ಆ ರೋಗವನ್ನು ಎಂದೂ ಕಂಡರಿಯದ ಮೂಲ ಮೀನುಗಳು ಒಂದೇ ಬೇಸಿಗೆಯಲ್ಲಿ ನಿರ್ನಾಮ. ಕೆಳಗೆ ಬಿಟ್ಟರೂ ಮೇಲೆ ಬಿಟ್ಟರೂ ನೀರು ಒಂದೇ. ಆದ್ದರಿಂದ ಆ ಕಡೆಯ ಒಂದು ಹನಿಯೂ ಈ ಕಡೆಗೆ ಬರಬಾರದು. ಉದ್ದಣ್ಣನ ಬಕೆಟ್ಟು, ಬಲೆ ಎಲ್ಲದಕ್ಕೂ ಕೆಂಪು ಹಿಡಿ, ಅವಳದಕ್ಕೆ ನೀಲಿ. ಹಾಗೊಂದು ವೇಳೆ ಬಂದರೆ ಅವಳ ಮೀನುಗಳನ್ನು ಬಿಡುವಂತಿಲ್ಲ. ಇದು ಮೇಡಂ ಬರೆದು ಮೀನುಗಾರಿಕೆ ಇಲಾಖೆಗೆ ಕೊಟ್ಟ ಮಾತು. ಒಮ್ಮೆ ಉದ್ದಣ್ಣ ಒದ್ದೆ ಕೈಯಲ್ಲಿ ಟೇಪು ದಾಟಿದ್ದಕ್ಕೆ ಮೇಡಂ ಅವನನ್ನು ವಾರಗಟ್ಟಲೆ ಮಾತಾಡಿಸಿರಲಿಲ್ಲ.

ಮೀನು ಬಿಡುವ ದಿನ ಹತ್ತಿರ ಬಂದಾಗ ಇಲಾಖೆಯ ಅಧಿಕಾರಿ ನೋಡಲು ಬಂದರು. ಜೊತೆಗೆ ಇನ್ನಿಬ್ಬರು. ಕೋಣೆ ತುಂಬಿಹೋಯಿತು. ಅವಳು ತೊಟ್ಟಿಯ ಮೂಲೆಗೆ ಒತ್ತರಿಸಿಕೊಂಡು ನಿಂತಳು. ಮೇಡಂ ಮಾತಿನ ಹುರುಪಿನಲ್ಲಿದ್ದರು. ಅಧಿಕಾರಿ ಗಾಜಿಗೆ ಮೂಗು ಒತ್ತಿ, "ಎಲ್ಲಿ? ನನಗೆ ಬರೀ ಕಲ್ಲೇ ಕಾಣ್ತಿದೆ," ಎಂದರು.

"ಒಂದು ನಿಮಿಷ, ಎತ್ತಿ ತೋರಿಸ್ತೀನಿ," ಎಂದು ಮೇಡಂ ಹಿಂದೆ ಕೈ ಚಾಚಿದರು. ಅವರ ಕಣ್ಣು ಅತಿಥಿಯ ಮೇಲಿತ್ತು. ಕೈಗೆ ಸಿಕ್ಕಿದ್ದು ಬಲಗೋಡೆಯ ಮೊಳೆಯಲ್ಲಿದ್ದ ಬಲೆ. ಕೆಂಪು ಹಿಡಿ. ಅದು ಅತ್ತಲಿಂದ ಇತ್ತ ಬರುವಾಗ ಅದರ ತುದಿಯಿಂದ ಒಂದು ಹನಿ ಕಳಚಿ ಹಳದಿ ಟೇಪಿನ ಮೇಲೆ ಬಿತ್ತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಲೆ ನೀರಿನಲ್ಲಿತ್ತು.

"ಇಷ್ಟು ಚಿಕ್ಕದಕ್ಕೆ ಇಷ್ಟೆಲ್ಲನಾ?" ಅಂದರು ಅಧಿಕಾರಿ. ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕರು. ಬಲೆಯೊಳಗೆ ಮೀನು ಮಿಸುಕದೆ ಬಿದ್ದುಕೊಂಡಿತ್ತು. ಅದನ್ನು ಮತ್ತೆ ನೀರಿಗೆ ಜಾರಿಸಿ, ಬಲೆಯನ್ನು ನೋಡದೆಯೇ ಮೊಳೆಗೆ ಸಿಕ್ಕಿಸಿ ಮೇಡಂ ಅತಿಥಿಗಳನ್ನು ಚಹಾಕ್ಕೆ ಕರೆದೊಯ್ದರು.

ದೊಡ್ಡವರ ಮುಂದೆ ಗುರುವಿನ ತಪ್ಪು ಎತ್ತುವುದುಂಟೇ? ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆಮೇಲೆ ಎಂಬುದು ಬಲು ಜಾರುವ ಕಲ್ಲು.

ಮೊದಲು ಉದ್ದಣ್ಣನನ್ನು ಕೇಳಿದಳು. ಒಣಗಿದ ಬಲೆಯಾದರೆ ಅಷ್ಟು ಭಯವಿಲ್ಲ. ವಾರ ಕಾಲ ಒಣಗಿದ ಬಲೆಯಲ್ಲಿ ಏನೂ ಬದುಕಿರುವುದಿಲ್ಲ.

"ಆವತ್ತು ಬೆಳಿಗ್ಗೆ ಬಲೆ ಉಪಯೋಗಿಸಿದ್ಯಾ?"

"ಹೂಂ. ಹೊಸ ಬ್ಯಾಚು ಬಂತಲ್ಲ. ಅದರಲ್ಲಿ ಎರಡು ಸಪ್ಪಗಿದ್ವು, ತೆಗೆದು ಬೇರೆ ಹಾಕಿದೆ."

"ಸಪ್ಪಗೆ ಅಂದ್ರೆ?"

"ಶೀತ ಆಗಿರ್ಬೇಕು." ನಗುತ್ತಿದ್ದವನು ಅವಳ ಮುಖ ನೋಡಿ ನಿಲ್ಲಿಸಿದ. "ಯಾಕೆ?"

ಅವಳು ಹೇಳಿದಳು. ಅವನು ಬಾಗಿಲು ಮುಚ್ಚಿ ಬಂದು ಕುರ್ಚಿಯಲ್ಲಿ ಕೂತ. ಅವನ ಮೊಣಕಾಲು ಎದೆಗೆ ಬಂತು.

"ನಾನು ನೋಡಿಲ್ಲ, ನೀನೂ ನೋಡಿಲ್ಲ," ಅಂದ. "ಬಾಯಿ ಬಿಟ್ರೆ ಬಣ್ಣಗೇಡು ತಾಯಿ. ಮೇಡಂಗೆ ನಿವೃತ್ತಿಗೆ ಎಷ್ಟು ದಿನ ಇದೆ ಗೊತ್ತಲ್ಲ? ಅವರ ಜೀವನದ ಕೆಲಸ ಇದು. ನಿನಗೂ ಗಂಡ ಅಂತ ಒಬ್ಬ ಇದಾನೆ. ಫೋಟೋದಲ್ಲಾದ್ರೂ ನೋಡಿದೀನಿ."

"ಆ ಎರಡು ಮೀನು ಈಗ ಹೇಗಿವೆ?"

ಅವನು ಎದ್ದು ತನ್ನ ಗೋಡೆಯ ಕಡೆ ಹೋಗಿ ಒಂದು ತೊಟ್ಟಿಯ ದೀಪ ಆರಿಸಿದ. ಅದರಲ್ಲಿ ಮೀನಿರಲಿಲ್ಲ.

ಅಲ್ಲಿಂದ ಮುಂದೆ ಅವಳಿಗೆ ಕೋಣೆ ಇನ್ನೂ ಸಣ್ಣದಾಯಿತು. ಅವಳ ಮೀನುಗಳಿಗೆ ಏನೂ ಆಗಿರಲಿಲ್ಲ. ಉಣ್ಣುತ್ತಿದ್ದವು, ಕಲ್ಲು ಹಿಡಿದು ಹರಿವಿಗೆ ಮುಖ ಕೊಟ್ಟು ಇದ್ದಲ್ಲೇ ಇರುತ್ತಿದ್ದವು. ಟಾರ್ಚು ಹಿಡಿದು ಒಂದೊಂದರ ಕಿವಿರು, ರೆಕ್ಕೆ, ಬಾಲ ನೋಡಿದಳು. ಚುಕ್ಕೆ ಇಲ್ಲ, ಲೋಳೆ ಇಲ್ಲ. ಕಾಣದಿರುವುದು ಇಲ್ಲವೆಂದಲ್ಲ, ಅದನ್ನು ಅವಳಿಗೆ ಕಲಿಸಿದವರೂ ಮೇಡಮ್ಮೇ. ಹೇಳಿದರೆ ಮೀನು ಇಲ್ಲೇ, ತಾನೂ ಇಲ್ಲೇ, ಪೆಟ್ಟಿಗೆಯ ಮೇಲೆ ಕೂತ ಅತ್ತೆಯೂ ಇಲ್ಲೇ. ಹೇಳದಿದ್ದರೆ ಎಲ್ಲರೂ ಹೊರಗೆ, ಆ ಹನಿಯೂ ಹೊರಗೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಓಡಾಡಿದಳು.

ಮನೆಯಲ್ಲಿ ಅತ್ತೆಗೆ ವಾಸನೆ ಹತ್ತಿತು. "ಏನು, ತಟ್ಟೆಯ ಮುಂದೆ ತಪಸ್ಸು ಮಾಡ್ತಿದೀಯ?"

"ಏನಿಲ್ಲ."

"ಏನಿಲ್ಲ ಅನ್ನೋ ಮುಖ ನಾನು ಬೇಕಾದಷ್ಟು ನೋಡಿದೀನಿ. ನಿಮ್ಮ ಮಾವನದೂ ಅದೇ ಇತ್ತು. ಕೊನೆಗೆ ನೋಡಿದ್ರೆ ಎಲ್ಲಾ ಇತ್ತು." ಅತ್ತೆ ಬಾಣಲೆ ತೊಳೆಯುತ್ತ ಬೆನ್ನು ತಿರುಗಿಸಿಯೇ ಹೇಳಿದರು. "ಮೊನ್ನೆ ನಿನ್ನ ಗಂಡ ಅಲ್ಲಿ ಮನೆ ನೋಡಿದಾನಂತೆ. ಮೂರು ಕಿಟಕಿ ಇವೆಯಂತೆ. ನಿನಗೆ ಹೇಳು ಅಂದ."

ಮರುದಿನ ಅವಳು ಮೇಡಂ ಅವರ ಕೋಣೆಯ ಬಾಗಿಲಲ್ಲಿ ನಿಂತಳು. ಮೇಡಂ ಫೋನಿನಲ್ಲಿದ್ದರು, ಕೈ ಸನ್ನೆಯಿಂದ ಕೂರಲು ಹೇಳಿದರು. ಅವರ ಮೇಜಿನ ಗಾಜಿನಡಿ ಒಂದು ಹಳೆಯ ಫೋಟೋ: ಮೇಡಂ ಚಿಕ್ಕವರಿದ್ದಾಗ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ನಗುತ್ತಿದ್ದಾರೆ. ಒಮ್ಮೆ ಪಂಪು ಕೆಟ್ಟಾಗ ಇದೇ ಮೇಡಂ ಅವಳ ಜೊತೆ ನೆಲದ ಮೇಲೆ ಕೂತು, ರಿಪೇರಿಯವನು ಬರುವವರೆಗೂ ಲೋಟದಿಂದ ನೀರು ಎತ್ತಿ ಎತ್ತಿ ಸುರಿದಿದ್ದರು.

"ಹೇಳು."

"ಮೇಡಂ, ಆವತ್ತು ಅವರಿಗೆ ಮೀನು ಎತ್ತಿ ತೋರಿಸಿದಿರಲ್ಲ. ಆ ಬಲೆ..."

"ಬಲೆಗೇನಾಯ್ತು? ಹರಿದಿತ್ತಾ?"

ಮೇಡಂ ಅವಳ ಕಣ್ಣನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದವರ ಬಲ ಇತ್ತು.

"ಇಲ್ಲ ಮೇಡಂ."

"ಮತ್ತೆ?"

"ಏನಿಲ್ಲ."

"ಹೋಗು, ಚೀಲಗಳನ್ನ ತೊಳೆದಿಡು. ಗಾಬರಿ ಆಗೋದು ಸಹಜ. ಮಗಳನ್ನ ಕಳಿಸೋ ಹಾಗೆ," ಎಂದು ಮೇಡಂ ಮತ್ತೆ ಫೋನು ಎತ್ತಿಕೊಂಡರು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ಅವಳು ಚೀಲಗಳನ್ನು ತೊಳೆದಿಟ್ಟಳು.

ಆ ದಿನ ಬಂತು. ಮೀನುಗಳನ್ನು ನೀರು ಮತ್ತು ಗಾಳಿ ತುಂಬಿದ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ವ್ಯಾನಿನಲ್ಲಿ ತಂದರು. ದಂಡೆಯಲ್ಲಿ ಅಧಿಕಾರಿ, ಅವರ ಜನ, ಕ್ಯಾಮೆರಾ ಹಿಡಿದ ಒಬ್ಬ. ಚೀಲದ ಮೀನನ್ನು ಒಮ್ಮೆಲೇ ಸುರಿಯುವುದಿಲ್ಲ. ಬಾಯಿ ಕಟ್ಟಿದ ಚೀಲಗಳನ್ನೇ ಹಳ್ಳದಲ್ಲಿ ತೇಲಬಿಟ್ಟು, ಒಳಗಿನ ನೀರು ಹೊರಗಿನ ನೀರಿನಷ್ಟೇ ತಣ್ಣಗಾಗುವವರೆಗೆ ಕಾಯಬೇಕು. ಅವಳು ಮೊಣಕಾಲುದ್ದ ನೀರಿಗಿಳಿದು ಚೀಲಗಳು ಹರಿದುಹೋಗದಂತೆ ಕಾಲಿಗೆ ಆನಿಸಿ ಹಿಡಿದು ನಿಂತಳು. ಇಷ್ಟು ಬೆಳಕನ್ನು ಕಂಡು ಬಹಳ ಕಾಲವಾಗಿತ್ತು. ಕಣ್ಣು ಕುಕ್ಕಿತು.

ದಂಡೆಯಲ್ಲಿ ಮೇಡಂ ಮಾತಾಡುತ್ತಿದ್ದರು. ಒಂದು ಸಣ್ಣ ಜೀವ, ಒಂದು ಹಳ್ಳ, ಒಂದು ತಲೆಮಾರಿನ ಜವಾಬ್ದಾರಿ. ಚೆನ್ನಾಗಿಯೇ ಮಾತಾಡುತ್ತಿದ್ದರು. ಅವಳು ಕೆಳಗೆ ನೋಡಿದಳು. ಅವಳ ಪಾದದ ಪಕ್ಕ, ಹೊಸದಾಗಿ ಹಾಸಿದ ಕಲ್ಲುಗಳಲ್ಲಿ ಒಂದರ ಮೇಲೆ, ಏನೋ ಸರಿದು ಮತ್ತೆ ಕಲ್ಲಾಯಿತು. ಬಗ್ಗಿದಳು. ಕಲ್ಲುಮೀನು. ಯಾರೂ ತಂದು ಬಿಟ್ಟದ್ದಲ್ಲ. ಮೇಲಿನ ಹರಿವಿನಿಂದ ತಾನಾಗಿಯೇ ಇಳಿದು ಬಂದದ್ದು. ಅದರ ಪಕ್ಕ ಇನ್ನೊಂದು.

"ಸರಿ, ಈಗ ಬಿಡೋಣ," ಎಂದರು ಮೇಡಂ. ಅವರೂ ನೀರಿಗಿಳಿದು ಅವಳ ಹತ್ತಿರ ಬಂದರು. "ಮೊದಲನೇದು ನಿನ್ನ ಕೈಯಿಂದಲೇ ಆಗ್ಲಿ."

ಅವಳು ಒಂದು ಚೀಲ ಎತ್ತಿಕೊಂಡಳು. ಅದರ ಬಾಯಿಗೆ ಬಿಗಿದ ರಬ್ಬರಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಕ್ಯಾಮೆರಾದವನು, "ಗಂಟು ಬಿಗಿ ಆಯ್ತಾ ಅಕ್ಕ? ಹಲ್ಲು ಹಾಕಿ," ಅಂದ. ಯಾರೋ ನಕ್ಕರು.

"ಮೇಡಂ," ಅಂದಳು ಅವಳು, ಮೇಡಮ್ಮಿಗೆ ಮಾತ್ರ ಕೇಳುವಂತೆ. "ಆ ಬಲೆ ಒದ್ದೆ ಇತ್ತು."

ಯಾವ ಬಲೆ ಎಂದು ಮೇಡಂ ಕೇಳಲಿಲ್ಲ.

"ನೀನು ನೋಡಿದ್ಯಾ?"

"ಹನಿ ಬಿದ್ದದ್ದು ನೋಡಿದೆ. ಉದ್ದಣ್ಣನ ಎರಡು ಮೀನು ಸತ್ತಿವೆ. ಅದೇ ಬಲೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆ."

ಮೇಡಂ ನೀರು ನೋಡಿದರು. "ಹೌದು," ಅಂದರು. "ಬಂದಿದ್ದೆ."

"ಇಲ್ಲಿ ನೋಡಿ ಮೇಡಂ. ಕಲ್ಲಿನ ಮೇಲೆ. ಅವೇ ಬಂದಿವೆ."

ಮೇಡಂ ಬಗ್ಗಿ ನೋಡಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಅವರ ಮುಖದ ಮೇಲೆ ಏನೂ ಇರಲಿಲ್ಲ, ಸ್ಲೇಟು ಒರೆಸಿದಂತೆ. ದಂಡೆಯ ಕಡೆ ತಿರುಗಿದರು.

"ಕ್ಷಮಿಸಬೇಕು, ಈವತ್ತು ಬಿಡೋಕಾಗಲ್ಲ. ಒಳಗಿನ ನೀರಿಗೂ ಹಳ್ಳದ ನೀರಿಗೂ ಬಿಸಿ ಹೊಂದ್ತಾ ಇಲ್ಲ. ಬಿಟ್ರೆ ಸಾಯ್ತವೆ."

"ಅದನ್ನ ಮೊದಲೇ ನೋಡ್ಕೋಬಾರದಾ? ಇಷ್ಟು ಜನರನ್ನ ಕರೆಸಿ..." ಅಧಿಕಾರಿ ಗಡಿಯಾರ ನೋಡಿಕೊಂಡರು. "ನಿಮ್ಮ ಹುಡುಗಿ ಥರ್ಮಾಮೀಟರ್ ನೋಡಿಲ್ವಾ?"

ಅವಳು ಮೇಡಂ ಕಡೆ ನೋಡಿದಳು. ಮೇಡಂ ಅವಳ ಕಡೆ ನೋಡಲಿಲ್ಲ.

"ಚಿಕ್ಕವಳು," ಅಂದರು ಮೇಡಂ. "ಕಲೀತಾಳೆ."

ವಾಪಸು ಬರುವಾಗ ಒಂದು ಚೀಲ ಅವಳ ತೊಡೆಯ ಮೇಲಿತ್ತು. ವ್ಯಾನು ಕುಲುಕಿದಾಗಲೆಲ್ಲ ಒಳಗಿನ ಮೀನುಗಳು ಹಿಡಿಯಲು ಕಲ್ಲು ಹುಡುಕುತ್ತಿದ್ದವು. ಮೇಡಂ ಮುಂದಿನ ಸೀಟಿನಲ್ಲಿದ್ದರು. ಇಳಿಯುವಾಗ, "ಮುಂದಿನ ಮಳೆಗಾಲ ಕಳೆದ ಮೇಲೆ ನೋಡೋಣ," ಎಂದರು. "ಅಲ್ಲಿವರೆಗೆ ಆ ಕೋಣೆಗೆ ನಿನ್ನ ಬಿಟ್ಟು ಯಾರೂ ಹೋಗೋ ಹಾಗಿಲ್ಲ. ನಾನೂ ಬರಲ್ಲ. ವಾರಕ್ಕೊಂದು ಮೀನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡ್ಬೇಕು. ಒಂದರಲ್ಲಿ ರೋಗ ಸಿಕ್ಕಿದ್ರೂ ಎಲ್ಲವನ್ನೂ ಮುಗಿಸ್ಬೇಕು. ಅದು ನಿನ್ನ ಕೆಲಸ."

ಮೇಡಂ ಎರಡು ಹೆಜ್ಜೆ ಹೋಗಿ ನಿಂತರು. ತಿರುಗದೆಯೇ ಮತ್ತೆ ನಡೆದರು.

ವಿಭಾಗದಲ್ಲಿ ಥರ್ಮಾಮೀಟರಿನ ಕಥೆಯೇ ನಿಜವಾಗಿ ಉಳಿಯಿತು. ಉದ್ದಣ್ಣನ ತೊಟ್ಟಿಗಳನ್ನು ಮೇಲಿನ ಮಹಡಿಗೆ ಸಾಗಿಸಿದರು. "ನಿನ್ನ ದಯದಿಂದ ನನಗೆ ಕಿಟಕಿ ಸಿಕ್ತು. ಎರಡು ಪಾರಿವಾಳನೂ ಸಿಕ್ವು," ಎಂದು ಅವನು ಬಾಗಿಲಾಚೆಯಿಂದಲೇ ಹೇಳಿದ. ಸ್ವಲ್ಪ ತಡೆದು, "ನಾನಾಗಿದ್ರೆ ರಬ್ಬರು ಬಿಚ್ಚಿಬಿಡ್ತಿದ್ದೆ ತಾಯಿ," ಅಂದ. ಅದು ಬೈಗುಳವೋ ಹೊಗಳಿಕೆಯೋ ಅವನಿಗೂ ಗೊತ್ತಿದ್ದಂತಿರಲಿಲ್ಲ.

ಗಂಡನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಅವನು ಕೂಗಾಡುವವನಲ್ಲ.

"ಒಂದು ಮಾತು ಆಡದೇ ಇದ್ದಿದ್ರೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು."

"ಆ ಮನೆಯವರಿಗೆ ಬಾಡಿಗೆಗೆ ಬರ್ತೀವಂತ ಮಾತು ಕೊಟ್ಟಾಗಿದೆ."

"ಗೊತ್ತು."

ಅತ್ತೆ ಆ ಮಾತುಗಳನ್ನೆಲ್ಲ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದರು. ಬೈಯುತ್ತಾರೆಂದು ಅವಳು ಕಾದಳು. ಅವರು ಬಂದು ಎದುರು ಕೂತು ಅವಳ ಕೈ ತಿರುಗಿಸಿ ನೋಡಿದರು. ತೊಟ್ಟಿಯ ನೀರಿನಲ್ಲಿ ನೆನೆದು ನೆನೆದು ಬೆರಳ ಸಂದುಗಳು ಬಿರಿದಿದ್ದವು.

"ನಿನ್ನದು ಸರೀನೇ ಇರ್ಬೇಕು," ಅಂದರು. "ಸರಿ ಇರೋರ ಜೊತೆ ಬಾಳೋದು ಕಷ್ಟ ಕಣೇ. ನಿಮ್ಮ ಮಾವನೂ ಸರೀನೇ ಇದ್ರು." ಆಮೇಲೆ ಎದ್ದರು. "ನಾನು ಹೋಗ್ತೀನಿ. ಅವನು ಒಬ್ಬನೇ ಬೇಯಿಸ್ಕೊಂಡು ತಿಂದು ಕಡ್ಡಿಯಾಗಿದಾನೆ. ನೀನು ಮಳೆ ಮುಗಿದ ಮೇಲೆ ಬಾ. ಬರೋ ಹಾಗಿದ್ರೆ."

ಆ ಕೊನೆಯ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಅದು ಒಳಗಿಳಿಯಿತು.

ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಅವಳು ನೇರ ನೆಲಮಾಳಿಗೆಗೆ ಬಂದಳು. ಈಗ ಕೋಣೆಯ ಹೊರಗೆ ಒಂದು ಸ್ಟೂಲು, ಒಂದು ಬೇಸಿನ್ನು. ಫೋನು, ಗಡಿಯಾರ, ಬಳೆ ಎಲ್ಲ ಸ್ಟೂಲಿನ ಮೇಲಿಟ್ಟು, ಮೊಣಕೈವರೆಗೆ ಔಷಧದ ನೀರಿನಲ್ಲಿ ತೊಳೆದು, ಹಾಗೆಯೇ ಕೈ ಎತ್ತಿ ಹಿಡಿದು ಒಣಗುವವರೆಗೆ ನಿಲ್ಲಬೇಕು. ಬಲಗೋಡೆ ಖಾಲಿ. ತೊಟ್ಟಿಗಳಿದ್ದ ಕಡೆ ಗೋಡೆಯ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಪಂಪಿನ ಸದ್ದು ಮೊದಲಿಗಿಂತ ಜೋರಾಗಿದೆ ಅನ್ನಿಸಿತು.

ಅವಳು ಕೈ ಎತ್ತಿ ನಿಂತಿರುವಾಗಲೇ ಸ್ಟೂಲಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಗಂಡನ ಹೆಸರು ಬೆಳಗುತ್ತಿತ್ತು. ಮುಟ್ಟಿದರೆ ಮತ್ತೆ ಮೊದಲಿನಿಂದ ತೊಳೆಯಬೇಕು. ಮೀನುಗಳ ಊಟದ ಹೊತ್ತು ಮೀರಿತ್ತು. ಫೋನು ನಿಂತು ಮತ್ತೆ ಹೊಡೆದುಕೊಂಡಿತು. ಅವಳು ಭುಜದಿಂದ ಬಾಗಿಲು ನೂಕಿ ಒಳಗೆ ಹೋಗಿ, ಭುಜದಿಂದಲೇ ಅದನ್ನು ಮುಚ್ಚಿದಳು.

ಆ ವಾರ ಕೊಯ್ಯಬೇಕಾದದ್ದನ್ನು ಆರಿಸುವುದಿತ್ತು. ಕಾಡುಮೀನಾದರೆ ನೆರಳು ಕಂಡರೇ ಓಡುತ್ತದೆ. ಇವು ತೊಟ್ಟಿಯಲ್ಲೇ ಹುಟ್ಟಿದವು, ಅವಳ ಕೈಯೆಂದರೆ ಊಟ. ನೀರಿಗೆ ಕೈ ಇಳಿಸಿದ ಕೂಡಲೇ ಕಲ್ಲು ಬಿಟ್ಟು ಒಂದೊಂದಾಗಿ ಬಂದು ಬೆರಳ ಸುತ್ತ ಸೇರಿದವು. ಅವಳು ಅಂಗೈ ತೆರೆದು, ಯಾವುದು ಮೊದಲು ಏರುತ್ತದೋ ಎಂದು ಕಾದಳು.